ವರ್ಣನೆಯ ಹೊಣೆ

ಕಾವ್ಯದಲ್ಲಿ ಅತಿಶಯೋಕ್ತಿ ಒಂದು ಅಲಂಕಾರ. ವ್ಯಾಪಾರದಲ್ಲಿ ಅದೇ ಒಂದು ದೋಷ. ನಾಯಕಿಯ ಮುಖವನ್ನು ಚಂದ್ರನೆಂದು ಬಣ್ಣಿಸಿದ ಕವಿಯ ಮೇಲೆ ಯಾರೂ ವ್ಯಾಜ್ಯ ಹೂಡುವುದಿಲ್ಲ. ಆದರೆ ಹಳೆಯ ಮೋಟಾರ್ ಸೈಕಲ್ಲಿನ ಸವೆದ ಸಿಲಿಂಡರನ್ನು ಸವೆಯದ್ದೆಂದು ಬಣ್ಣಿಸಿ ಮಾರಿದವನು ತನ್ನ ಮಾತಿಗೆ ಹೊಣೆಗಾರನಾಗುತ್ತಾನೆ. ಬಳಸಿದ ಬಿಡಿಭಾಗಗಳನ್ನು ಅಂತರಜಾಲದ ಮೂಲಕ ಕೊಂಡು, ಅವು ಸರಿಹೋಗದಾಗ ಹಿಂದಿರುಗಿಸುವ ಪ್ರಶ್ನೆಯೆಲ್ಲ ನಿಂತಿರುವುದು ಈ ವರ್ಣನೆಯ ಮೇಲೆಯೇ.

ಮೈಸೂರಿಗರಿಗೆ ಇದು ದೂರದ ವಿಷಯವಲ್ಲ. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. ಚೆಕ್ ಉದ್ಯಮಿ ಯಾನೆಚೆಕ್ ತನ್ನ ಹೆಸರಿನ ಮೊದಲಕ್ಷರಗಳಿಗೆ ಜರ್ಮನಿಯ ವಾಂಡರರ್ ಸಂಸ್ಥೆಯ ಮೊದಲಕ್ಷರಗಳನ್ನು ಕೂಡಿಸಿ 1929ರಲ್ಲಿ ರೂಪಿಸಿದ ಹೆಸರೇ ಜಾವಾ. ಅದೇ ಕಾರ್ಖಾನೆಯಿಂದ 1970ರ ದಶಕದಲ್ಲಿ ಯೆಜ್ಡಿ ಹೊರಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಮಾರುಕಟ್ಟೆಗೆ ಮರಳಿದುದು ನಿಜ. ಆದರೆ ಈ ಹೊಸ ಗಾಡಿಗಳ ಎಂಜಿನ್ ಫೋರ್ ಸ್ಟ್ರೋಕ್ ಬಗೆಯದು. ಅದರ ಭಾಗಗಳು ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಒದಗವು. ತಂದೆಯ ಕಾಲದ ಗಾಡಿಯನ್ನು ಓಡಿಸುತ್ತಿರಬೇಕೆಂಬವರು ಹೀಗಾಗಿ ಗುಜರಿ ಅಂಗಡಿಯನ್ನೋ ಅಂತರಜಾಲವನ್ನೋ ಆಶ್ರಯಿಸಬೇಕಾಗಿದೆ.

ಒಂದು ಉದಾಹರಣೆಯನ್ನು ನೋಡೋಣ. ಹಳೆಯ 250 ಸಿ.ಸಿ. ಜಾವಾದ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್. ಅದು ಸವೆದಾಗ ಲೇತ್ ಅಂಗಡಿಯಲ್ಲಿ ಕಾಲು ಮಿಲಿಮೀಟರಿನಷ್ಟು ಕೊರೆಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ರೂಢಿ. ಎರಡು ಸಲ ಕೊರೆದ ಸಿಲಿಂಡರಿನ ವ್ಯಾಸ 65.5 ಆಗಿರುತ್ತದೆ. ಈ ಅರ್ಧ ಮಿಲಿಮೀಟರ್ ಯಾವ ಭಾವಚಿತ್ರದಲ್ಲಿಯೂ ಕಾಣುವುದಿಲ್ಲ. ‘ಒಮ್ಮೆಯೂ ಕೊರೆಸಿಲ್ಲ’ ಎಂದು ಬರೆದವನು ಇಂಥದನ್ನು ಕಳುಹಿಸಿದರೆ ಕೊಂಡವನಿಗೆ ಅದನ್ನು ನಿರಾಕರಿಸುವ ಹಕ್ಕುಂಟು. ‘ಬಳಸಿದ್ದು, ಎರಡು ಸಲ ಕೊರೆಸಿದ್ದು’ ಎಂದೇ ಬರೆದಿದ್ದರೆ ಸವೆತವನ್ನು ಮುಂದುಮಾಡಿ ಹಿಂದಿರುಗಿಸಲಾಗದು. ಹಳೆಯ ವಸ್ತು ಹಳೆಯದಾಗಿರುವುದು ದೋಷವಲ್ಲ.

ನಮ್ಮ ಕಾನೂನು ಈ ವಿವೇಕವನ್ನು ಬಹು ಹಿಂದೆಯೇ ಅಂಗೀಕರಿಸಿದೆ. ವರ್ಣನೆಯ ಆಧಾರದಿಂದ ಮಾರಿದ ವಸ್ತುವು ಆ ವರ್ಣನೆಗೆ ಹೊಂದಿಕೊಳ್ಳಲೇಬೇಕೆಂದು 1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮು ಹೇಳುತ್ತದೆ. 2020ರ ಇ-ವಾಣಿಜ್ಯ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ವಸ್ತುವು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಂತೆ ಇರದಿದ್ದರೆ, ಅಂತರಜಾಲದ ಮಾರುಕಟ್ಟೆಯಲ್ಲಿ ಮಾರುವ ವ್ಯಾಪಾರಿ ಅದನ್ನು ಮರಳಿ ಪಡೆಯಲು ನಿರಾಕರಿಸುವಂತಿಲ್ಲ. ಕೊಂಡ ಮೇಲೆ ಮನಸ್ಸು ಬದಲಾಯಿತೆಂದು ಹಿಂದಿರುಗಿಸುವುದು ಮಾತ್ರ ಬೇರೆ ಮಾತು. ಅದು ಮಾರುವವನು ಮೊದಲೇ ಒಪ್ಪಿದ ಷರತ್ತನ್ನು ಅವಲಂಬಿಸುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ತನ್ನ ಮನೆಯ ಮೂಲೆಯಲ್ಲಿ ಬಿದ್ದಿದ್ದ ಒಂದು ಕಾರ್ಬ್ಯುರೇಟರನ್ನು ಎಂದೋ ಒಮ್ಮೆ ಮಾರುವ ಗೃಹಸ್ಥನಿಗೆ ಈ 2020ರ ನಿಯಮಗಳು ಅನ್ವಯಿಸವು. ಅವು ವ್ಯಾಪಾರವನ್ನೇ ವೃತ್ತಿಯಾಗಿ ನಡೆಸುವವರಿಗೆ ಸಂಬಂಧಿಸಿದವು. ಗೃಹಸ್ಥನನ್ನು ಕಟ್ಟುವುದು 1930ರ ಆ ಹಳೆಯ ಕಲಮೇ. ಆದುದರಿಂದ ಅಂಥವರಿಂದ ಕೊಳ್ಳುವಾಗ ಹಣ ಕೊಡುವ ಮೊದಲೇ ಅಳತೆ, ಬಿರುಕು, ಬೆಸುಗೆ ಇವುಗಳ ವಿಷಯವನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ದೂರವಾಣಿಯಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ.

ವಸ್ತು ಕೈಸೇರಿದ ಮೇಲಿನ ಕರ್ತವ್ಯಗಳೂ ಕೆಲವಿವೆ. ಕಟ್ಟು ಬಿಚ್ಚುವಾಗಲೇ ಭಾವಚಿತ್ರ ತೆಗೆದಿರಿಸಬೇಕು. ಭಾಗದ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಮೆಕ್ಯಾನಿಕ್ಕಿನಿಂದ ಅಳತೆ ಮಾಡಿಸುವುದಕ್ಕೆ ಮೊದಲು ಅದನ್ನು ಉಜ್ಜುವುದು, ಕೊರೆಸುವುದು, ಬಣ್ಣ ಬಳಿಯುವುದು ಕೂಡದು. ವಸ್ತುವನ್ನು ನಮ್ಮದೇ ಎಂಬಂತೆ ಮಾರ್ಪಡಿಸಿದರೆ ಅದನ್ನು ಸ್ವೀಕರಿಸಿದಂತಾಗುತ್ತದೆ. ಸ್ವೀಕರಿಸಿದ್ದನ್ನು ನಿರಾಕರಿಸುವುದು ಕಷ್ಟ. ದೋಷ ಕಂಡೊಡನೆ ಬರಹದ ಮೂಲಕ ತಿಳಿಸಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ, ನ್ಯಾಯವಾಗಿ ನಿರಾಕರಿಸಿದ ವಸ್ತುವನ್ನು ನಾವೇ ಹೊತ್ತು ಮುಟ್ಟಿಸಬೇಕಾಗಿಲ್ಲ, ನಿರಾಕರಣೆಯನ್ನು ತಿಳಿಸಿದರೆ ಸಾಕೆಂದು ಅದೇ ಅಧಿನಿಯಮದ 43ನೆಯ ಕಲಮು ವಿಧಿಸಿದೆ.

ಅಂತರಜಾಲದ ಮಾರುಕಟ್ಟೆಯ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಅಲ್ಲಿ ನ್ಯಾಯ ದೊರೆಯದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಮಿಗಿಲಾಗಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ವ್ಯಾಪಾರಿ ದೆಹಲಿಯಲ್ಲಿದ್ದರೂ ಮೈಸೂರಿನ ನಿವಾಸಿ ಮೈಸೂರಿನಲ್ಲಿಯೇ ದೂರು ಸಲ್ಲಿಸಬಹುದು. ಅವಧಿ ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ.

ಕಡೆಯದಾಗಿ, ಈ ಹೊಣೆ ಒಬ್ಬರದೇ ಅಲ್ಲವೆಂಬುದನ್ನು ಹೇಳಬೇಕು. ಬಂದ ಒಳ್ಳೆಯ ಭಾಗವನ್ನು ತನ್ನ ಗಾಡಿಗೆ ಜೋಡಿಸಿ, ತನ್ನಲ್ಲಿದ್ದ ಸವಕಲನ್ನು ಹಿಂದಕ್ಕೆ ಕಳುಹಿಸುವ ಗ್ರಾಹಕನೂ ಮೋಸಗಾರನೇ. ಅಂಥವನ ಭಯದಿಂದಲೇ ಪ್ರಾಮಾಣಿಕ ವ್ಯಾಪಾರಿಯೂ ‘ಮಾರಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ತೂಗುಹಾಕುತ್ತಾನೆ. ಮುಚ್ಚಿಹೋದ ಕಾರ್ಖಾನೆಯ ಗಾಡಿಗಳು ಇಂದಿಗೂ ನಮ್ಮ ಬೀದಿಗಳಲ್ಲಿ ಓಡುತ್ತಿರುವುದು ಒಬ್ಬರ ಬಳಿಯಿದ್ದ ಭಾಗ ಮತ್ತೊಬ್ಬರಿಗೆ ಒದಗುತ್ತಿರುವುದರಿಂದ. ಮಾರುವವನು ಇರುವುದನ್ನು ಇರುವಂತೆ ಬರೆದರೆ, ಕೊಳ್ಳುವವನು ಬರೆದುದನ್ನು ಗಮನವಿಟ್ಟು ಓದಿದರೆ, ಹಿಂದಿರುಗಿಸುವ ಪ್ರಸಂಗಗಳೇ ಬಹುಮಟ್ಟಿಗೆ ಕಡಿಮೆಯಾದಾವು.