ಬಂದೂಕೂ ಒಂದು ಸನ್ನೆಕೋಲು

ಬಂದೂಕು ಯಾರ ಕೈಯಲ್ಲಿದೆಯೋ ಅವನೇ ಬಲಶಾಲಿ ಎಂಬುದು ಸಾಮಾನ್ಯ ನಂಬಿಕೆ. ಎದುರಾಳಿ ದೂರದಲ್ಲಿರುವಾಗ ಅದು ಬಹುಮಟ್ಟಿಗೆ ನಿಜ. ಆತ ತೋಳಳತೆಯೊಳಗೆ ಬಂದರೆ? ಆಗ ಬಂದೂಕು ಇಬ್ಬರೂ ಹಿಡಿಯಬಹುದಾದ ಒಂದು ಸನ್ನೆಕೋಲು. ದೇವದುರ್ಗ, ಮಾನ್ವಿಯಂಥ ಊರುಗಳಲ್ಲಿ ಆಯುಧ ಹೊತ್ತು ರಾತ್ರಿ ಕಾವಲಿಗೆ ನಿಲ್ಲುವವರಿಗೆ ಇದು ಪ್ರಾಣದ ಪ್ರಶ್ನೆ. ಕಸಿದುಕೊಂಡ ಆಯುಧ ಮೊದಲು ತಿರುಗುವುದು ಅದನ್ನು ಹೊತ್ತವನ ಕಡೆಗೇ.

ದೂರದ ಮಹತ್ವಕ್ಕೆ ರಾಯಚೂರಿನಲ್ಲೇ ಹಳೆಯ ಸಾಕ್ಷ್ಯವಿದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಅವನ ನೆರವಿಗಿದ್ದ ಪೋರ್ಚುಗೀಸರು ದೂರದಿಂದಲೇ ಕೋವಿ ಹಾರಿಸಿ ಗೋಡೆಯ ಮೇಲಿನ ಕಾವಲುಗಾರರನ್ನು ಉರುಳಿಸಿದರೆಂದು ನ್ಯೂನಿಜ್ ಬರೆದಿದ್ದಾನೆ. ಅದೇ ಯುದ್ಧದಲ್ಲಿ ಬಿಜಾಪುರದ ಫಿರಂಗಿಗಳ ಮೊದಲ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚದುರಿತು. ರಾಯ ಉಳಿದ ಸೈನ್ಯದೊಡನೆ ಮುನ್ನುಗ್ಗಿದಾಗ ಆ ಫಿರಂಗಿಗಳು ಬಿಜಾಪುರವನ್ನು ಕಾಪಾಡಲಿಲ್ಲ. ಸಿಡಿಮದ್ದಿನ ಆಯುಧದ ಬಲ ದೂರ ಮತ್ತು ಸಮಯವನ್ನು ಅವಲಂಬಿಸಿದೆ.

ಈ ಸಮಯ ಎಷ್ಟು? ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಇದರ ಬಗ್ಗೆ ಬರೆದರು. ಓಡಿಬರುವ ವ್ಯಕ್ತಿ 21 ಅಡಿ, ಅಂದರೆ ಸುಮಾರು 6.4 ಮೀಟರ್ ದೂರವನ್ನು ಸುಮಾರು 1.5 ಸೆಕೆಂಡಿನಲ್ಲಿ ಕ್ರಮಿಸಬಲ್ಲ. ಅನೇಕ ತರಗತಿ ಕೊಠಡಿಗಳ ಉದ್ದ ಹೆಚ್ಚುಕಡಿಮೆ ಇಷ್ಟೇ. ಸೊಂಟದಿಂದ ಪಿಸ್ತೂಲು ತೆಗೆದು ಗುರಿ ಹಿಡಿಯಲೂ ಸುಮಾರು ಅಷ್ಟೇ ಕಾಲ ಬೇಕು.

ಭ್ರಾಮಕದ ಲೆಕ್ಕ

ಬೀಸುಕಲ್ಲಿನ ಗೂಟವನ್ನು ನಡುವಿಗೆ ಹಾಕದೆ ಅಂಚಿಗೇ ಏಕೆ ಹಾಕುತ್ತಾರೆ? ಬಲದ ಭ್ರಾಮಕ = ಬಲ × ಲಂಬದೂರ. ದೂರ ಹೆಚ್ಚಿದಷ್ಟೂ ಕಡಿಮೆ ಬಲ ಸಾಕು.

ಪಿಸ್ತೂಲಿನ ಹಿಡಿಕೆಯಿಂದ 12 ಸೆಂ.ಮೀ. ಮುಂದೆ ನಳಿಗೆಯನ್ನು ಹಿಡಿದು ಒಬ್ಬ 100 ನ್ಯೂಟನ್ ಬಲದಿಂದ ಪಕ್ಕಕ್ಕೆ ತಳ್ಳುತ್ತಾನೆ ಎನ್ನಿ. ಭ್ರಾಮಕ 100 × 0.12 = 12 ನ್ಯೂಟನ್-ಮೀಟರ್. ಇದನ್ನು ತಡೆಯುವ ಮುಷ್ಟಿಯಲ್ಲಿ ಬೆರಳು ಮತ್ತು ಅಂಗೈ ಒತ್ತುವ ಜಾಗಗಳ ನಡುವೆ ಕೇವಲ 4 ಸೆಂ.ಮೀ. ಅಂತರವಿದ್ದರೆ, ಬೇಕಾಗುವ ಬಲ 12 ÷ 0.04 = 300 ನ್ಯೂಟನ್. ಕಸಿಯುವವನ ಒಂದು ಪಾಲಿಗೆ ಹಿಡಿದವನದು ಮೂರು ಪಾಲು!

ರೈಫಲ್ಲನ್ನು ಎರಡು ಕೈಗಳಿಂದ, 40 ಸೆಂ.ಮೀ. ಅಂತರದಲ್ಲಿ ಹಿಡಿದಿದ್ದೀರಿ, ಮುಂಗೈಯಿಂದ 30 ಸೆಂ.ಮೀ. ಆಚೆ ಅದೇ 100 ನ್ಯೂಟನ್ ಬಲ ಬೀಳುತ್ತದೆ. ಹಿಂದಿನ ಕೈಯನ್ನು ಆಧಾರ ಬಿಂದುವೆಂದು ಎಣಿಸಿದರೆ ಮುಂದಿನ ಕೈಗೆ ಬೇಕಾದದ್ದು 100 × 70 ÷ 40 = 175 ನ್ಯೂಟನ್. ಹಿಂದಿನ ಕೈಗೆ ವಿರುದ್ಧ ದಿಕ್ಕಿನಲ್ಲಿ 75 ನ್ಯೂಟನ್. ಆಯುಧ ಉದ್ದವಾದರೂ ಕೆಲಸ ಹಗುರವಾಯಿತು. ಕೈಗಳ ಅಂತರವೇ ಇದಕ್ಕೆ ಕಾರಣ.

ತೋಳಿಗೂ ಇದೇ ನಿಯಮ. ಚಾಚಿದ ತೋಳಿನ ತುದಿ ಭುಜದಿಂದ 60 ಸೆಂ.ಮೀ. ದೂರದಲ್ಲಿದ್ದು, ಯಾರೋ ಅದನ್ನು 100 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆದರೆ ಭುಜದ ಮೇಲಿನ ಭ್ರಾಮಕ 60 ನ್ಯೂಟನ್-ಮೀಟರ್. ಮೊಣಕೈಯನ್ನು ಪಕ್ಕೆಗೆ ಒತ್ತಿ, ಅಂಗೈ ಭುಜದ ನೇರದಿಂದ 30 ಸೆಂ.ಮೀ. ಮುಂದಿರುವಂತೆ ಮಾಡಿದರೆ ಅದು ಅರ್ಧಕ್ಕಿಳಿಯುತ್ತದೆ. ಆಯುಧವನ್ನು ಮೈಗೆ ಹತ್ತಿರವಿಟ್ಟುಕೊಳ್ಳಬೇಕೆಂಬ ತರಬೇತಿಯ ಪಾಠಕ್ಕೆ ಆಧಾರ ಇದೇ.

ಹಗ್ಗ, ಬೆವರು, ಘರ್ಷಣೆ

ನಳಿಗೆಯ ನೇರಕ್ಕೇ ಎಳೆದರೆ ತಿರುಚುವಿಕೆ ಕಡಿಮೆ. ಅಲ್ಲಿ ತಡೆಯುವುದು ಮುಷ್ಟಿಯ ಘರ್ಷಣೆ. ಘರ್ಷಣೆಯ ಗುಣಾಂಕ ಅರ್ಧವಾದರೆ ತಡೆಯುವ ಬಲವೂ ಅರ್ಧ. ರಾಯಚೂರಿನ ಬೇಸಿಗೆಯಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬೆವರಿದ ಅಂಗೈ ಹೇಗೆ ಜಾರುತ್ತದೆಂದು ನಿಮಗೆ ಗೊತ್ತು. ಹಿಡಿಕೆಯ ಮೇಲೆ ಗೀರು ಕೊರೆಯುವುದು ಇದಕ್ಕೇ. ಸರ್ವಿಸ್ ರಿವಾಲ್ವರಿನ ಹಿಡಿಕೆಯ ಬುಡದಲ್ಲಿರುವ ಬಳೆಗೆ ಕಟ್ಟುವ ಹುರಿ, ರೈಫಲ್ಲನ್ನು ಸೊಂಟದ ಪಟ್ಟಿಗೆ ಬಿಗಿಯುವ ಸರಪಳಿ, ಇವು ಎಳೆತವನ್ನು ಬೆರಳುಗಳಿಂದ ಇಡೀ ಮೈಗೆ ವರ್ಗಾಯಿಸುತ್ತವೆ. ಆದರೆ ಹುರಿ ಎಳೆತವನ್ನಷ್ಟೇ ತಡೆಯಬಲ್ಲದು, ತಿರುಚುವಿಕೆಯನ್ನಲ್ಲ.

ನೀವೇ ಮಾಡಿ ನೋಡಿ

ಇದಕ್ಕೆ ಆಯುಧ ಬೇಡ, ಆಟಿಕೆಯ ಪಿಸ್ತೂಲೂ ಬೇಡ. ಸುಮಾರು 40 ಸೆಂ.ಮೀ. ಉದ್ದದ ಕೋಲಿನ ಒಂದು ತುದಿಯನ್ನು ವಿದ್ಯಾರ್ಥಿಯೊಬ್ಬ ಮುಷ್ಟಿಯಲ್ಲಿ ಹಿಡಿಯಲಿ. ಮುಷ್ಟಿಯ ನಡುವಿನಿಂದ 8, 16, 32 ಸೆಂ.ಮೀ. ದೂರದಲ್ಲಿ ದಾರ ಕಟ್ಟಿ, ಸ್ಪ್ರಿಂಗ್ ತ್ರಾಸನ್ನು ಸಿಕ್ಕಿಸಿ, ಕೋಲಿಗೆ ಲಂಬವಾಗಿ ನಿಧಾನವಾಗಿ ಎಳೆಯಿರಿ. ಮುಷ್ಟಿ ತಿರುಗತೊಡಗಿದಾಗಿನ ಅಳತೆ ಬರೆದುಕೊಳ್ಳಿ. ಬಲ ಮತ್ತು ದೂರದ ಗುಣಲಬ್ಧ ಮೂರೂ ಸಲ ಹೆಚ್ಚುಕಡಿಮೆ ಒಂದೇ ಬರಬೇಕು. ಅಂಗೈಗೆ ನೀರು ಸವರಿ, ಈ ಸಲ ಕೋಲಿನ ನೇರಕ್ಕೆ ಎಳೆದು, ಒಣ ಅಂಗೈಯೊಂದಿಗೆ ಹೋಲಿಸಿ. ಮುಷ್ಟಿ ದಣಿಯುತ್ತದೆ, ನಡುನಡುವೆ ಬಿಡುವು ಕೊಡಿ.

ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಮಾನ್ಯ ಮಾಡುತ್ತವೆ, ಮಿತಿಯನ್ನೂ ಹಾಕುತ್ತವೆ. ಭೌತವಿಜ್ಞಾನವೂ ಒಂದು ಮಿತಿಯನ್ನು ತೋರಿಸುತ್ತದೆ: ಕೈಗೆ ಸಿಗುವಷ್ಟು ಹತ್ತಿರದಲ್ಲಿ ಆಯುಧ ಸ್ನಾಯುಬಲಕ್ಕಿಂತ ಹೆಚ್ಚಾಗಿ ಹಿಡಿತದ ಅಳತೆಗಳಿಗೆ ಮಣಿಯುತ್ತದೆ. ಆದ್ದರಿಂದ ಕಾವಲುಗಾರನ ಮೊದಲ ರಕ್ಷಣೆ, ಎದುರಿನವನು ಆ ಅಳತೆಯೊಳಗೆ ಬರದಂತೆ ಕಾಯ್ದುಕೊಂಡ ಅಂತರ.