ಶಸ್ತ್ರ, ಹಣ ಮತ್ತು ಒಂದು ಸಹಿ

ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಕ್ಕೆ ಅಮೆರಿಕ ಶಸ್ತ್ರಾಸ್ತ್ರ ಕೊಡಬಹುದೇ?

ಕೊಡುವಂತಿಲ್ಲ ಎನ್ನುತ್ತದೆ ಅವರದೇ ಕಾನೂನು. ಅಲ್ಲಿನ ವಿದೇಶಾಂಗ ಸಚಿವರು ಒಂದು ದೇಶವನ್ನು ‘ಭಯೋತ್ಪಾದನೆಯ ಪ್ರಾಯೋಜಕ’ ಎಂದು ಘೋಷಿಸಿದರೆ ಸಾಕು, ಆ ದೇಶಕ್ಕೆ ಶಸ್ತ್ರ ಮಾರಾಟ ಬಂದ್, ನೆರವಿನ ಹಣವೂ ಬಂದ್. ಸಿರಿಯಾ 1979ರಲ್ಲಿ, ಇರಾನ್ 1984ರಲ್ಲಿ ಈ ಪಟ್ಟಿಗೆ ಸೇರಿದವು.

ಆದರೆ ಅದೇ ಕಾನೂನಿನಲ್ಲಿ ಒಂದು ಹಿಂಬಾಗಿಲಿದೆ. ರಾಷ್ಟ್ರೀಯ ಭದ್ರತೆಗೆ ಅಗತ್ಯವೆಂದು ಕಂಡರೆ, ಸಂಸತ್ತಿಗೆ ಮೊದಲೇ ತಿಳಿಸಿ ಅಧ್ಯಕ್ಷರು ವಿನಾಯಿತಿ ಕೊಡಬಹುದು.

ಇನ್ನು ಪಾಕಿಸ್ತಾನ? ಅದು ಈ ಪಟ್ಟಿಗೆ ಸೇರಲೇ ಇಲ್ಲ. ಆ ದೇಶಕ್ಕೆಂದೇ 2009ರಲ್ಲಿ ಬೇರೆಯೇ ಷರತ್ತು ಬಂತು: ಲಷ್ಕರ್, ಜೈಷ್‌ನಂಥ ಭಯೋತ್ಪಾದಕ ಸಂಘಟನೆಗಳ ವಿರುದ್ಧ ಅದು ಕ್ರಮ ಕೈಗೊಳ್ಳುತ್ತಿದೆ ಎಂದು ವಿದೇಶಾಂಗ ಸಚಿವರು ಪ್ರಮಾಣೀಕರಿಸಿದರೆ ಮಾತ್ರ ಮಿಲಿಟರಿ ನೆರವು.

2011ರ ಮಾರ್ಚ್‌ನಲ್ಲಿ ಆ ಪ್ರಮಾಣಪತ್ರ ಸಿಕ್ಕಿತು. ಮೇ ತಿಂಗಳಲ್ಲಿ ಅಲ್‌ಖೈದಾ ನಾಯಕ ಒಸಾಮಾ ಬಿನ್ ಲಾಡೆನ್ ಸಿಕ್ಕಿದ್ದು ಎಲ್ಲಿ? ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ, ಸೇನಾ ಅಕಾಡೆಮಿಯ ಹತ್ತಿರವೇ!

ಇಂಥ ಷರತ್ತು ಕೆಲಸ ಮಾಡಿದ್ದೂ ಉಂಟು. ಹಕ್ಕಾನಿ ಜಾಲ ಎಂಬ ಉಗ್ರ ಸಂಘಟನೆಯ ವಿರುದ್ಧ ಪಾಕಿಸ್ತಾನ ಸಾಕಷ್ಟು ಕ್ರಮ ಕೈಗೊಂಡಿದೆ ಎಂದು ಪ್ರಮಾಣೀಕರಿಸಲು 2016ರಲ್ಲಿ ಅಮೆರಿಕದ ರಕ್ಷಣಾ ಸಚಿವ ಆಶ್ ಕಾರ್ಟರ್ ಒಪ್ಪಲಿಲ್ಲ. ಪಾಕಿಸ್ತಾನಕ್ಕೆ ಹೋಗಬೇಕಿದ್ದ 30 ಕೋಟಿ ಡಾಲರ್ ತಡೆಹಿಡಿಯಲಾಯಿತು. 2018ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಭದ್ರತಾ ನೆರವನ್ನೇ ಅಮಾನತಿನಲ್ಲಿಟ್ಟಿತು.

ಕಾನೂನು ಗಟ್ಟಿಯಾಗಿದ್ದರೆ ಸಾಲದು, ಸಹಿ ಹಾಕುವವರು ಪ್ರಾಮಾಣಿಕರಾಗಿರಬೇಕು. ಭಯೋತ್ಪಾದನೆಯಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯ ಅದು.

ಮುಂದೆ ‘ಮಿಲಿಟರಿ ನೆರವು’ ಎಂಬ ಸುದ್ದಿ ಕಂಡಾಗ ಮೊತ್ತವನ್ನಷ್ಟೇ ನೋಡಬೇಡಿ. ಷರತ್ತು ಏನಿತ್ತು, ವಿನಾಯಿತಿ ಕೊಟ್ಟವರು ಯಾರು ಎಂದು ಕೇಳಿ.