ಗಾಜಿನ ತೊಟ್ಟಿಯ ಅದೃಶ್ಯ ಸೇವಕರು

ಮೀನಿನ ವಿಷಯವು ನಮ್ಮ ಪ್ರಾಂತಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವುಂಟು, ಮೀನಿನ ಜಾತಿಗಳೂ ಅವುಗಳ ಆಹಾರವೂ ಅಲ್ಲಿ ವರ್ಣಿತವಾಗಿವೆ. ಆದರೆ ಕೆರೆಯ ಮೀನನ್ನು ಕೆರೆಯೇ ಕಾಯುತ್ತದೆ. ತೊಟ್ಟಿಯ ಮೀನಿಗೆ ಗೃಹಸ್ಥನೇ ಗತಿ.

ಮೊಮ್ಮಗನ ಹಟಕ್ಕಾಗಿ ಮಹಾಗಾಂವದ ನಮ್ಮ ಮನೆಗೆ ಆರು ಮೀನುಗಳನ್ನು ತಂದಿದ್ದೆವು. ನೀರು ಸ್ಫಟಿಕದಂತಿದ್ದರೂ ಹತ್ತು ದಿನಗಳೊಳಗಾಗಿ ನಾಲ್ಕು ಸತ್ತವು. ಹುಡುಗನು ಊಟ ಬಿಟ್ಟು ಕುಳಿತನು. ತಿಳಿಯಾದ ನೀರೆಲ್ಲವೂ ಶುದ್ಧವಲ್ಲವೆಂಬುದನ್ನು ನಾವು ಆ ದಿನ ಕಲಿತೆವು.

ಮೀನುಗಳು ಕಿವಿರುಗಳ ಮೂಲಕ ಅಮೋನಿಯಾ ಎಂಬ ವಿಷವನ್ನು ಹೊರಬಿಡುತ್ತವೆ. ತಿಂದುಳಿದ ಆಹಾರವು ಕೊಳೆತರೂ ಅದೇ ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಇದನ್ನು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟಿನ ಬಾಧೆ ಬಹಳ ಕಡಿಮೆ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಯು 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಜೈವಿಕ ಶೋಧಕವೆಂದರೆ ಇವುಗಳಿಗೆ ನಾವು ಕಟ್ಟಿಕೊಡುವ ವಸತಿಯಲ್ಲದೆ ಬೇರೆಯಲ್ಲ.

ಈ ಜೀವಿಗಳಿಗೆ ಅಂಟಿಕೊಳ್ಳಲು ವಿಸ್ತಾರವಾದ ಮೈಯೂ, ಉಸಿರಾಡಲು ಆಮ್ಲಜನಕವೂ ಬೇಕು. ಚಿಕ್ಕ ತೊಟ್ಟಿಗೆ ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರು ಸಾಕು. ಅದು ಅಗ್ಗವೂ ಹೌದು. ದೊಡ್ಡ ತೊಟ್ಟಿಗೆ ಪಿಂಗಾಣಿಯ ಉಂಗುರಗಳನ್ನು ತುಂಬಿದ ಡಬ್ಬಿಯ ಫಿಲ್ಟರು ಉತ್ತಮ.

ಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟುಗಳೆರಡೂ ಶೂನ್ಯವೆಂದು ಕಂಡ ಮೇಲೆಯೇ ಮೀನುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡತಕ್ಕದ್ದು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಕೂಡದು; ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಈ ಸೇವಕರನ್ನು ಕೊಲ್ಲುತ್ತದೆ. ತೊಟ್ಟಿಯ ನೀರನ್ನೇ ಬಕೀಟಿಗೆ ತೆಗೆದು, ಅದರಲ್ಲಿ ಹಗುರಾಗಿ ಹಿಂಡಿದರೆ ಸಾಕು. ನೈಟ್ರೇಟು ಶೇಖರವಾಗದಂತೆ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಬೇಕು. ಹೊಸ ನೀರು ಕ್ಲೋರಿನ್ ಕಳೆದುದಾಗಿರಬೇಕು.

ನಮ್ಮ ಸೀಮೆಯವರು ಇನ್ನೆರಡು ಮಾತುಗಳನ್ನು ನೆನಪಿಡಬೇಕು. ಶಹಾಬಾದ ಕಲ್ಲು ಸುಣ್ಣದ ಕಲ್ಲು. ಅದರ ತುಂಡುಗಳನ್ನು ಅಲಂಕಾರಕ್ಕೆಂದು ತೊಟ್ಟಿಯಲ್ಲಿಟ್ಟರೆ ನೀರಿನ ಗಡಸುತನವೂ ಕ್ಷಾರವೂ ಹೆಚ್ಚಬಹುದು. ಕ್ಷಾರವೂ ಕಾವೂ ಏರಿದಷ್ಟೂ ಅಮೋನಿಯಾದ ವಿಷವು ತೀವ್ರವಾಗುತ್ತದೆ. ಎರಡನೆಯದಾಗಿ, ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಆಗ ಕರೆಂಟು ಹೋದರೆ ಮೀನುಗಳೂ ಜೀವಿಗಳೂ ಕೂಡಿಯೇ ಕಷ್ಟಪಡುತ್ತವೆ. ಬ್ಯಾಟರಿಯ ಚಿಕ್ಕ ಪಂಪೊಂದು ಮನೆಯಲ್ಲಿರಲಿ.

ಉಳಿದ ಎರಡು ಮೀನುಗಳನ್ನು ದಿನವೂ ಕೊಂಚ ನೀರು ಬದಲಿಸಿ ಉಳಿಸಿಕೊಂಡೆವು. ಹೊಸ ಮೀನು ಯಾವಾಗ ಬರುವುದೆಂದು ಹುಡುಗನು ಆರು ವಾರ ದಿನವೂ ಕೇಳಿದನು; ನಾವು ಕಾದೆವು. ಈಗ ತೊಟ್ಟಿಯಲ್ಲಿ ಐದು ಮೀನುಗಳಿವೆ. ಸ್ಪಂಜು ಹಿಂಡುವ ಕೆಲಸವನ್ನು ಅವನು ನಮಗೂ ಬಿಟ್ಟುಕೊಡುವುದಿಲ್ಲ.